ಮುತ್ತುಗದ ಬೀಜ, ಜಾಲಿ ಸೊಪ್ಪು, ಕುರಿ ಹೊಟ್ಟೆಯ ಹುಳ

2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ್ಮೇಲೆ 89 ವರ್ಷಕ್ಕೆ, ನಮ್ಮ ಹಿರಿಯೂರು ಕಡೆ ಜನ ಎಲ್ಲ ಟ್ರ್ಯಾಕ್ಟರ್ ಹತ್ಕೊಂಡು ನೀರು ನೋಡೋಕೆ ಹೋಗ್ತಿದ್ರು, ಆ ಮಳೆಗಾಲದಲ್ಲೇ ನಮ್ಮ ರೊಪ್ಪದಲ್ಲಿ ಏಳು ಕುರಿ ಸತ್ತವು. ಬರಗಾಲದಲ್ಲಿ ಕುರಿ ಸಾಯೋದು ನೋಡಿದ್ವಿ, ಮಳೆ ಜಾಸ್ತಿಯಾಗಿ ಹೊಲ ಬದು ಎಲ್ಲ ಹಸಿರಾಗಿ ಹೊಟ್ಟೆ ತುಂಬ ಮೇಯೋ ಕಾಲದಲ್ಲಿ ಕುರಿ ಒಣಗಿ ಸಾಯ್ತವೆ ಅಂದ್ರೆ ನಮ್ಮಪ್ಪಂಗೆ ನಂಬೋಕೇ ಆಗ್ಲಿಲ್ಲ. ಯಾರೋ ದೃಷ್ಟಿ ಅಂದ್ರು, ಇನ್ಯಾರೋ ಹಸಿ ಹುಲ್ಲು ತಿಂದು ಹಂಗಾಗಿದೆ ಅಂದ್ರು.

ಲಕ್ಷಣ ಹೆಂಗಿತ್ತು ಅಂದ್ರೆ, ಮೊದಲು ಹಿಂಡಿನಲ್ಲಿ ಹಿಂದೆ ಬೀಳೋದು, ಆಮೇಲೆ ಸಂಜೆ ಹೊತ್ತಿಗೆ ಗದ್ದದ ಕೆಳಗೆ ಚೀಲ ಕಟ್ಟಿದಂಗೆ ನೀರು ತುಂಬ್ಕೊಳ್ಳೋದು, ಬೆಳಗ್ಗೆ ನೋಡಿದ್ರೆ ಸ್ವಲ್ಪ ಇಳಿದಿರೋದು, ಕಣ್ಣಿನ ರೆಪ್ಪೆ ಒಳಗೆ ಸುಣ್ಣದಂಗೆ ಬಿಳಿ. ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇತ್ತು, ಅದಕ್ಕೇ ನಾವು ಹುಳ ಅಂತ ಅಂದ್ಕೊಳ್ಲೇ ಇಲ್ಲ, ಹುಳ ಅಂದ್ರೆ ಭೇದಿ ಆಗ್ಬೇಕು ಅಂತ ನಮ್ಮ ತಲೇಲಿ. ನಾಲ್ಕನೇ ಕುರಿ ಸತ್ತಾಗ ಪಶು ಆಸ್ಪತ್ರೆ ಡಾಕ್ಟ್ರು ಮೇಡಂ ಬಂದು ಹೊಟ್ಟೆ ಕುಯ್ದು ತೋರಿಸಿದ್ರು. ಕುರಿಗೆ ನಾಲ್ಕು ಹೊಟ್ಟೆ ಇರುತ್ತಲ್ಲ, ಅದರಲ್ಲಿ ನಾಲ್ಕನೇದು ಬಿಚ್ಚಿದ್ರೆ ಒಳಗಡೆ ಗೋಡೆ ತುಂಬ ಕೆಂಪು ಬಿಳಿ ದಾರ ಹೊಸೆದಂಗೆ ಸಣ್ಣ ಸಣ್ಣ ಹುಳ, ಎರಡು ಮೂರು ಸೆಂಟಿಮೀಟರ್ ಉದ್ದ ಇರ್ಬಹುದು, ಇನ್ನೂ ಅಲ್ಲಾಡ್ತಾ ಇದ್ವು. ಕೆಂಪು ಅಂದ್ರೆ ಅದು ಕುಡಿದಿರೋ ರಕ್ತ. ಹೀಮಾಂಕಸ್ ಅಂತ ಹೆಸರು. ಒಂದು ಹುಳ ದಿನಕ್ಕೆ ಸುಮಾರು 0.05 ಎಂಎಲ್ ರಕ್ತ ಕುಡಿಯುತ್ತೆ, ಇಷ್ಟೇನಾ ಅನ್ಸುತ್ತೆ, ಆದ್ರೆ ಒಂದು ಕುರೀಲಿ 2000 ಹುಳ ಇದ್ರೆ ದಿನಕ್ಕೆ 100 ಎಂಎಲ್ ಆಯ್ತು, 25 ಕಿಲೋ ಕುರಿ ಮೈಯಲ್ಲಿ ಇರೋ ರಕ್ತಾನೇ ಎರಡು ಲೀಟರ್ ಒಳಗೆ. ಒಂದು ಹೆಣ್ಣು ಹುಳ ದಿನಕ್ಕೆ 5000ದಿಂದ 10000 ಮೊಟ್ಟೆ ಇಡುತ್ತೆ, ಹಿಕ್ಕೆ ಜೊತೆ ಹೊರಗೆ ಬಂದು, ತೇವ ಬಿಸಿ ಇದ್ರೆ ವಾರದೊಳಗೆ ಮರಿಹುಳ ಆಗಿ, ಇಬ್ಬನಿ ನೀರಿನ ಜೊತೆ ಹುಲ್ಲಿನ ಬುಡದಿಂದ ಮೇಲಕ್ಕೆ ಹತ್ತಿ ಕೂತಿರುತ್ತೆ. ಕುರಿ ತಿಂದ್ರೆ ಇನ್ನು ಮೂರು ವಾರಕ್ಕೆ ಅದೇ ಮೊಟ್ಟೆ ಇಡೋಕೆ ಶುರು. ಇಷ್ಟೇ ಅದರ ಸಂಸಾರ. ಆ ವರ್ಷ ನಮ್ಮ ಹಸಿರು ಹುಲ್ಲೇ ನಮ್ಮ ಕುರಿಗೆ ವಿಷ ಆಗಿತ್ತು.

ಔಷಧಿ ಹಾಕಿರ್ಲಿಲ್ವಾ ಅಂತ ಕೇಳ್ಬೇಡಿ, ಹಾಕಿದ್ವಿ. ಆರೇಳು ವರ್ಷದಿಂದ ಅದೇ ಬಿಳಿ ಔಷಧಿ, ಆಲ್ಬೆಂಡಜೋಲ್. ನೂರಕ್ಕೆ 2.5 ಇರೋ ಬಾಟ್ಲಿ ಅದು, ಕಿಲೋಗೆ 7.5 ಮಿಲಿಗ್ರಾಂ ಲೆಕ್ಕ ಹಿಡಿದ್ರೆ 25 ಕಿಲೋ ಕುರಿಗೆ 7.5 ಎಂಎಲ್ ಆಗುತ್ತೆ, ನಾವು ಬಾಟ್ಲಿ ಉಳಿಸೋಕೆ ಅಂತ ಎಲ್ಲಕ್ಕೂ ಐದೈದು ಎಂಎಲ್ ಹಾಕ್ತಿದ್ವಿ, ದೊಡ್ಡ ಟಗರಿಗೂ ಅಷ್ಟೇ. ಅರ್ಧಂಬರ್ಧ ಔಷಧಿ ಕುಡಿದು ಬದುಕಿದ ಹುಳಗಳೇ ಮುಂದೆ ಮರಿ ಮಾಡ್ತಾ ಮಾಡ್ತಾ ಔಷಧಿಗೆ ಜಗ್ಗದ ಹುಳ ಆದ್ವು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ, ಈ ಗುಂಪಿನ ಮೊದಲ ಔಷಧಿ ಥಯಾಬೆಂಡಜೋಲ್ 1961ರಲ್ಲಿ ಬಂತು, 1964ಕ್ಕೆಲ್ಲ ಅದಕ್ಕೆ ಬಗ್ಗದ ಹುಳ ಸಿಕ್ಬಿಟ್ಟಿತ್ತು, ಮೂರೇ ವರ್ಷ ನೋಡಿ. ಮೇಡಂ ಬೇರೆ ಗುಂಪಿನ ಔಷಧಿ ಹಾಕಿದ್ಮೇಲೆ ಸಾವು ನಿಂತಿತು. ಆದ್ರೆ ಇದೂ ಒಂದು ದಿನ ಹಿಡಿಯಲ್ಲ ಅನ್ನೋ ಭಯ ಅವತ್ತೇ ಮನಸಲ್ಲಿ ಕೂತ್ಕೊಂಡು, ನಾಟಿ ಮದ್ದು ಹುಡ್ಕೋಕೆ ಶುರು ಮಾಡಿದೆ. ಮೂರು ವರ್ಷ ಮಾಡಿ ನೋಡಿ ಕಲ್ತಿದ್ದು ಇಲ್ಲಿ ಬರೀತಿದೀನಿ, ಯಾಕಂದ್ರೆ ವಾಟ್ಸಾಪಲ್ಲಿ ಬರೋ "ಒಂದೇ ಡೋಸಿಗೆ ಹುಳ ಎಲ್ಲ ಸಾಫ್" ಅನ್ನೋ ಮೆಸೇಜು ನಂಬಿ ಕುರಿ ಕಳ್ಕೊಂಡೋರನ್ನ ನೋಡಿದೀನಿ.

ಏಳು ಕುರಿ ಸತ್ತವು ಅಂದ್ನಲ್ಲ, ಅದರಲ್ಲಿ ಒಂದು ಹುಳದಿಂದ ಸತ್ತಿದ್ದಲ್ಲ, ನನ್ನ ಕೈಯಿಂದ. ನಮ್ಮಜ್ಜ ಹೊಗೆಸೊಪ್ಪು ನೆನೆಹಾಕಿದ ನೀರನ್ನ ಬಿದಿರಿನ ಗೊಟ್ಟದಲ್ಲಿ ಕುರಿಗೆ ಹಾಕ್ತಿದ್ದಿದ್ದು ನಂಗೆ ಚೆನ್ನಾಗಿ ನೆನಪಿದೆ. ಅಜ್ಜ ಎಷ್ಟು ಎಲೆಗೆ ಎಷ್ಟು ನೀರು ಹಾಕ್ತಿದ್ದ, ಎಷ್ಟು ಹೊತ್ತು ನೆನೆಸ್ತಿದ್ದ, ನಂಗೆ ಗೊತ್ತಿರ್ಲಿಲ್ಲ, ಗೊತ್ತಿದ್ದ ಅಜ್ಜ ಇರ್ಲಿಲ್ಲ. ಅಂದಾಜಲ್ಲಿ ಕಡು ಮಾಡಿ ಒಂದು ಎಂಟು ತಿಂಗಳ ಮರಿಗೆ ಹಾಕಿದೆ, ಕಾಲು ಗಂಟೇಲಿ ನಡುಕ ಬಂದು ಜೊಲ್ಲು ಸುರಿಸಿ ಕಾಲು ಸೆಟೆದು ಹೋಗೇಬಿಡ್ತು. ಅಪ್ಪ ಏನೂ ಬೈಲಿಲ್ಲ, ಗುಂಡಿ ತೋಡೋಕೆ ಹಾರೆ ತಗೊಂಡು ಹೋದ. ಆಮೇಲೆ ಓದಿ ತಿಳ್ಕೊಂಡಿದ್ದು ಏನು ಅಂದ್ರೆ, ಅಜ್ಜನ ಮದ್ದು ಸುಳ್ಳಲ್ಲ. ಹೊಗೆಸೊಪ್ಪಿನ ನಿಕೋಟಿನ್ ಹುಳದ ನರದ ಯಾವ ಜಾಗಕ್ಕೆ ಹೋಗಿ ಅದನ್ನ ಸೆಟೆಸಿ ಬೀಳಿಸುತ್ತೋ, ಈಗಿನ ಲೆವಾಮಿಸೋಲ್ ಔಷಧಿನೂ ಅದೇ ಜಾಗಕ್ಕೆ ಹೊಡಿಯೋದು. ಆದ್ರೆ ನಿಕೋಟಿನ್‌ಗೆ ಹುಳಾನೂ ಒಂದೇ ಕುರಿನೂ ಒಂದೇ, ಸಾಯಿಸೋ ಅಳತೆಗೂ ವಾಸಿ ಮಾಡೋ ಅಳತೆಗೂ ನಡುವೆ ಇರೋ ಸಂದು ತುಂಬ ಸಣ್ಣದು. ಮೈಲುತುತ್ತನೂ ಹಿಂದೆ ಹಾಕ್ತಿದ್ರು, ಅದೂ ಹಂಗೇ, ಕುರಿಗೆ ತಾಮ್ರ ಬೇಗ ವಿಷ ಆಗುತ್ತೆ. ದಯವಿಟ್ಟು ಈ ಎರಡನ್ನ ಮಾತ್ರ ಮಾಡೋಕೆ ಹೋಗ್ಬೇಡಿ.

ಈ ವಿಷಯದಲ್ಲಿ ನಾಟಿ ಮದ್ದು, ಇಂಗ್ಲಿಷ್ ಮದ್ದು ಅಂತ ಗೋಡೆ ಕಟ್ಕೊಂಡು ಜಗಳ ಆಡೋದು ನಂಗೆ ಇಷ್ಟ ಆಗಲ್ಲ. 2015ರ ವೈದ್ಯಕೀಯ ನೊಬೆಲ್ ನೋಡಿ, ಮೂರು ಜನಕ್ಕೆ ಹಂಚಿದ್ರು. ಅದರಲ್ಲಿ ಇಬ್ಬರಿಗೆ ಕೊಟ್ಟಿದ್ದು ಐವರ್ಮೆಕ್ಟಿನ್ ಅನ್ನೋ ಹುಳದ ಔಷಧಿಗೆ ದಾರಿ ಮಾಡಿದ್ದಕ್ಕೆ, ಅದು ಜಪಾನಿನ ಮಣ್ಣಲ್ಲಿರೋ ಸೂಕ್ಷ್ಮಜೀವಿಯಿಂದ ಬಂದಿದ್ದು. ಇನ್ನೊಬ್ಬರು ಚೀನಾದ ತೂ ಯೂಯೂ ಅಮ್ಮ, ಮಲೇರಿಯಾಕ್ಕೆ ಗಿಡದಿಂದ ಔಷಧಿ ತೆಗೆದೋರು. ಅವರಿಗೆ ಹಳೇ ಚೀನೀ ವೈದ್ಯ ಗ್ರಂಥದಲ್ಲಿ ಆ ಗಿಡವನ್ನ ನೀರಲ್ಲಿ ನೆನೆಸಿ ಹಿಂಡಿ ಕುಡಿಬೇಕು ಅಂತ ಸಿಕ್ತಂತೆ, ಆವಾಗ ಹೊಳೀತು, ಕುದಿಸಿದ್ರೆ ಗುಣ ಹೋಗುತ್ತೆ ಅಂತ. ಅಂದ್ರೆ ಯಾವ ಗಿಡ ಅನ್ನೋದು ಅರ್ಧ ವಿದ್ಯೆ, ಹೆಂಗೆ ಮಾಡ್ಬೇಕು ಎಷ್ಟು ಕೊಡ್ಬೇಕು ಅನ್ನೋದು ಇನ್ನರ್ಧ, ನಮ್ಮ ಕಡೆ ಆ ಇನ್ನರ್ಧಾನೇ ಅಜ್ಜಂದಿರ ಜೊತೆ ಮಣ್ಣಾಗ್ತಿದೆ.

ಈಗ ನಾನು ಮೋಸ ಹೋಗಿದ್ದು ಎಲ್ಲಿ ಅಂತ ಹೇಳ್ತೀನಿ, ಯಾಕಂದ್ರೆ ಎಲ್ರೂ ಇಲ್ಲೇ ಮೋಸ ಹೋಗೋದು. ಅಡಿಕೆ ಪುಡಿ, ಕುಂಬಳ ಬೀಜ, ವಾಯುವಿಡಂಗ, ದಾಳಿಂಬೆ ಬೇರಿನ ತೊಗಟೆ, ಇವೆಲ್ಲ ಹಳೇ ಕಾಲದಿಂದ ಹೆಸರು ಮಾಡಿರೋದು ಹೆಚ್ಚಾಗಿ ಲಾಡಿಹುಳಕ್ಕೆ. ಅಡಿಕೆಯ ಅರೆಕೋಲಿನ್ ಲಾಡಿಹುಳದ ಹಿಡಿತ ಸಡಿಲ ಮಾಡುತ್ತೆ, ಹಿಂದೆ ನಾಯಿಗಳ ಲಾಡಿಹುಳಕ್ಕೆ ಅದನ್ನೇ ಔಷಧಿ ಮಾಡಿ ಕೊಡ್ತಿದ್ರು. ಕೊಟ್ಟ ಮಾರನೇ ದಿನ ಹಿಕ್ಕೇಲಿ ಅಕ್ಕಿ ಕಾಳಿನಂಗೆ ಬಿಳಿ ತುಂಡುಗಳು, ಲಾಡಿ ಥರ ಉದ್ದುದ್ದ ಪಟ್ಟಿ ಬಿದ್ರೆ ನೋಡ್ದೋರಿಗೆ ಎಷ್ಟು ಸಮಾಧಾನ ಅಲ್ವಾ, ಹುಳ ಬಿತ್ತು ಕಣಪ್ಪ ಅಂತ ಫೋಟೋ ತೆಗೆದು ಕಳಿಸ್ತಾರೆ. ಆದ್ರೆ ಕುರಿ ಸಾಯಿಸೋ ಹುಳ ಅದಲ್ಲ. ಕುರೀಲಿ ಲಾಡಿಹುಳ ನೋಡೋಕೆ ಅಸಹ್ಯ, ಮಾಡೋ ಕೇಡು ಕಮ್ಮಿ. ರಕ್ತ ಹೀರೋ ಹೀಮಾಂಕಸ್ ಹಿಕ್ಕೇಲಿ ಕಣ್ಣಿಗೆ ಕಾಣಲ್ಲ, ಅದರ ಮೊಟ್ಟೆ ಮೈಕ್ರೋಸ್ಕೋಪಿಗೆ ಮಾತ್ರ ಕಾಣೋದು. ಹಂಗಾಗಿ ಕಾಣೋ ಹುಳ ಬಿದ್ದಿದ್ದು ನೋಡಿ ಖುಷಿಯಾಗಿ ಕೂತ್ರೆ, ಕಾಣದೇ ಇರೋದು ಒಳಗೆ ಕುಡೀತಾನೇ ಇರುತ್ತೆ.

ಎರಡನೇ ಮೋಸ ಇನ್ನೂ ನಯವಾದದ್ದು. ಬೆಂಗಳೂರು ಯಲಹಂಕ ಹತ್ರ ಟಿಡಿಯು ಅಂತ ವಿಶ್ವವಿದ್ಯಾಲಯ ಇದೆ, ನಾಟಿ ಪಶುವೈದ್ಯದ ಮೇಲೆ ತುಂಬ ಕೆಲಸ ಮಾಡಿದಾರೆ, ಡೈರಿ ಮಂಡಳಿ ಎನ್‌ಡಿಡಿಬಿಯೋರೂ ಅದನ್ನ ಹಸು ಸಾಕೋರಿಗೆ ಹೇಳ್ಕೊಡ್ತಾರೆ. ಅದರಲ್ಲಿ ಜಂತುಹುಳಕ್ಕೆ ಅಂತ ಜೀರಿಗೆ, ಸಾಸಿವೆ, ಮೆಣಸು ನೆನೆಸಿ, ಬೆಳ್ಳುಳ್ಳಿ, ಅರಿಶಿನ, ಬೇವಿನ ಸೊಪ್ಪು, ತುಂಬೆ ಸೊಪ್ಪು, ಹಾಗಲಕಾಯಿ, ಬಾಳೆದಿಂಡು ಸೇರಿಸಿ ರುಬ್ಬಿ ಬೆಲ್ಲದಲ್ಲಿ ಉಂಡೆ ಮಾಡಿ ಮೂರು ದಿನ ಕೊಡೋದು ಒಂದಿದೆ. ನಾನು ಅದನ್ನ ಕುರಿ ತೂಕಕ್ಕೆ ಇಳಿಸಿ ನವೆಂಬರಲ್ಲಿ ಅರ್ಧ ಹಿಂಡಿಗೆ ಕೊಟ್ಟೆ, ಇನ್ನರ್ಧಕ್ಕೆ ಕೊಡ್ಲಿಲ್ಲ, ಕಿವಿಗೆ ಬಣ್ಣ ಹಚ್ಚಿ ಗುರುತು ಇಟ್ಕೊಂಡೆ. ಮೇಡಂ ಹೇಳಿದ್ದು ಈ ಐಡಿಯಾ. "ಎಲ್ಲಕ್ಕೂ ಕೊಟ್ಬಿಟ್ರೆ ನಿಮಗೆ ಏನೂ ಗೊತ್ತಾಗಲ್ಲಣ್ಣ, ಅರ್ಧ ಬಿಡಿ" ಅಂದ್ರು. ಕೊಡೋ ದಿನ ಹಿಕ್ಕೆ ತಗೊಂಡ್ಹೋಗಿ ಮೊಟ್ಟೆ ಎಣಿಸಿದ್ವಿ, ಎರಡು ವಾರ ಬಿಟ್ಟು ಮತ್ತೆ ಎಣಿಸಿದ್ವಿ. ಕೊಟ್ಟ ಗುಂಪಲ್ಲಿ ಮೊಟ್ಟೆ ಇಳಿದಿತ್ತು, ನಂಗೆ ಕುಣಿಯೋಷ್ಟು ಖುಷಿ. ಆಮೇಲೆ ಇನ್ನೊಂದು ಗುಂಪಿನ ಲೆಕ್ಕ ನೋಡಿದ್ರೆ ಅದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇಳಿದಿತ್ತು. ಮಳೆ ನಿಂತು ನೆಲ ಒಣಗಿತ್ತು, ಹೊಸ ಹುಳ ಹೊಟ್ಟೆಗೆ ಹೋಗೋದು ತಾನಾಗೇ ಕಮ್ಮಿಯಾಗಿತ್ತು ಅಷ್ಟೇ. ಮಳೆ ಬಿದ್ದ ಹೊಸದರಲ್ಲಿ ಒಮ್ಮೊಮ್ಮೆ ಕುರಿ ಮೈ ತಾನೇ ಎದ್ದು ಹಳೇ ಹುಳನೆಲ್ಲ ಹೊರಗೆ ದಬ್ಬೋದೂ ಇದೆಯಂತೆ, ಔಷಧಿನೇ ಇಲ್ದೆ. ಆ ಅರ್ಧ ಹಿಂಡು ಬಿಡದೇ ಇದ್ದಿದ್ರೆ ನಾನೂ ಇವತ್ತು ಆ ಉಂಡೆ ಬಗ್ಗೆ ಸಾರಿ ಸಾರಿ ಹೇಳ್ತಿದ್ದೆ. ಆ ಉಂಡೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ತಿಂದ ಕುರಿಗಳಿಗೆ ಮೇವಿನ ಮೇಲೆ ಆಸೆ ಚೆನ್ನಾಗಿತ್ತು, ಆದ್ರೆ ನಮ್ಮ ಹಿಂಡಲ್ಲಿ ಅವತ್ತಿನ ಹುಳಕ್ಕೆ ಅದು ಸಾಕಾಗಿತ್ತು ಅಂತ ಹೇಳೋಕೆ ನನ್ ಹತ್ರ ಆಧಾರ ಇಲ್ಲ.

ಬೇವಿನ ಸೊಪ್ಪಿನ ಬಗ್ಗೆ ಬೇಜಾರಿಂದ್ಲೇ ಹೇಳ್ಬೇಕು, ಎಲ್ರೂ ಮೊದಲು ಹೇಳೋದು ಅದನ್ನೇ, ಮೇಕೆ ಇಷ್ಟಪಟ್ಟು ತಿನ್ನುತ್ತೆ ಕೂಡ, ಆದ್ರೆ ಬರೀ ಸೊಪ್ಪು ತಿನ್ನಿಸಿ ಮಾಡಿದ ಪ್ರಯೋಗಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂದಿದೆ. ಮುತ್ತುಗದ ಬೀಜದ ಬಗ್ಗೆ ನಂಗೆ ಹೆಚ್ಚು ನಂಬಿಕೆ. ಚಪ್ಪಟೆ ಬೀಜ, ಬೇಸಿಗೇಲಿ ಕಾಯಿ ಒಣಗಿ ಉದುರುತ್ತಲ್ಲ, ಅದು. ಪಲಾಸೋನಿನ್ ಅನ್ನೋ ಅಂಶ ಅದರಲ್ಲಿರೋದು. ಪಾಕಿಸ್ತಾನದಲ್ಲಿ ಕುರಿಗಳ ಮೇಲೇ ಪ್ರಯೋಗ ಮಾಡಿದಾರೆ, ಮೈತೂಕದ ಕಿಲೋಗೆ 3 ಗ್ರಾಂ ಬೀಜದ ಪುಡಿ ಕೊಟ್ಟಾಗ ಮೊಟ್ಟೆ ಚೆನ್ನಾಗೇ ಇಳೀತು. ಈಗ ಲೆಕ್ಕ ಹಾಕಿ, 25 ಕಿಲೋ ಕುರಿಗೆ 75 ಗ್ರಾಂ ಪುಡಿ, ನಲವತ್ತು ಕುರಿಗೆ ಮೂರು ಕಿಲೋ. ನಮ್ಮ ಕಡೆ ಕೊಡೋದು ಒಂದು ಚಿಟಿಕೆ, ಹೆಚ್ಚಂದ್ರೆ ಒಂದು ಚಮಚ. ಮನುಷ್ಯನ ಹೊಟ್ಟೆ ಲೆಕ್ಕ ಕುರಿಗೆ ಬರಲ್ಲ, ಕುರಿ ಮೊದಲನೇ ಹೊಟ್ಟೆ ಒಂದು ಬಕೆಟ್ ಇದ್ದಂಗೆ, ಹಾಕಿದ ಮದ್ದು ಅಲ್ಲಿರೋ ಮೇವು ನೀರಲ್ಲಿ ಕಲಸಿ ಹೋಗಿ, ಅಲ್ಲಿರೋ ಸೂಕ್ಷ್ಮಜೀವಿಗಳು ಒಂದಷ್ಟು ತಿಂದು ಹಾಕಿ, ಉಳಿದಿದ್ದು ನಾಲ್ಕನೇ ಹೊಟ್ಟೆಗೆ ಹೋಗ್ಬೇಕು. ಹಿಂದಿನೋರ ಮದ್ದು ಹಿಡಿಯಲ್ಲ ಅಂತ ಹೇಳೋ ಎಷ್ಟೋ ಜನ ಬರೀ ಅಳತೇಲಿ ಸೋತಿರ್ತಾರೆ ಅಂತ ನನ್ನ ಅನಿಸಿಕೆ. ಇನ್ನೊಂದು ಮಾತು, ಮುತ್ತುಗದ ಬೀಜ ಗಬ್ಬದ ಕುರಿಗೆ ಬೇಡ, ಗರ್ಭ ನಿಲ್ಲದೇ ಇರೋಕೆ ಹಿಂದಿನಿಂದ ಬಳಸಿದ ಬೀಜ ಅದು. ಆಲ್ಬೆಂಡಜೋಲ್ ಕೂಡ ಗಬ್ಬ ಆದ ಮೊದಲ ತಿಂಗಳಲ್ಲಿ ಹಾಕ್ಬಾರ್ದು. ಪಪ್ಪಾಯಿ ಹಾಲು ಹುಳದ ಹೊರಚರ್ಮಾನೇ ಕರಗಿಸುತ್ತೆ, ಕೆಲಸ ಮಾಡೋ ವಸ್ತುನೇ, ಆದ್ರೆ ನಲವತ್ತು ಕುರಿಗೆ ಆಗೋಷ್ಟು ಹಾಲು ಯಾರು ಇಳಿಸ್ತಾರೆ, ಕೈ ಬಾಯಿ ಎಲ್ಲ ಸುಡುತ್ತೆ ಬೇರೆ, ನಾನು ಕೈ ಬಿಟ್ಟೆ. ಸೀತಾಫಲದ ಬೀಜ, ಎಕ್ಕ ಮುಟ್ಟೋಕೇ ಹೋಗಿಲ್ಲ, ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ರೆ ಕಣ್ಣೇ ಹೋಗ್ಬಹುದು.

ಕೊನೆಗೆ ನಮ್ಮಲ್ಲಿ ನಿಂತಿದ್ದು ಯಾವ ಪುಡಿನೂ ಅಲ್ಲ ಉಂಡೇನೂ ಅಲ್ಲ, ಸೊಪ್ಪು. ಔಷಧಿ ಅಂತ ಅಲ್ಲ, ಮೇವು ಅಂತ.

ಪಕ್ಕದ ಹಟ್ಟಿ ದೊಡ್ಡಪ್ಪ ಒಬ್ರು ಇದಾರೆ, ಹುಟ್ಟಿದಾಗಿಂದ ಕುರಿ ಜೊತೇಲೇ ಇರೋರು, 2022ರಲ್ಲಿ ಅವರ ಮೇಕೆ ಒಂದೂ ಸಾಯ್ಲಿಲ್ಲ. ಏನು ಹಾಕಿದ್ರಿ ದೊಡ್ಡಪ್ಪ ಅಂತ ಕೇಳಿದ್ರೆ, "ಏನೂ ಹಾಕಿಲ್ಲ ಕಣ್ಮಗ, ಮಳೇಲಿ ನೆಲದ್ ಹುಲ್ಲಿಗೆ ಬಿಡ್ಲಿಲ್ಲ, ಜಾಲಿ ಕಡಿದು ಹಾಕ್ದೆ" ಅಂದ್ರು. ಎಷ್ಟು ದೊಡ್ಡ ಮಾತು ಅಂತ ಆವಾಗ ಗೊತ್ತಾಗ್ಲಿಲ್ಲ. ಮರಿಹುಳ ಇರೋದು ಹೆಚ್ಚಾಗಿ ಹುಲ್ಲಿನ ಬುಡದ ಎರಡು ಮೂರು ಇಂಚಲ್ಲಿ, ಕತ್ತು ಎತ್ತಿ ಮರದ ಸೊಪ್ಪು ತಿನ್ನೋ ಪ್ರಾಣಿ ಹೊಟ್ಟೆಗೆ ಹುಳ ಹೋಗೋದೇ ಕಮ್ಮಿ. ಅದರ ಮೇಲೆ ಕರಿಜಾಲಿ, ಬಸರಿ, ಹಲಸು, ಸೀಬೆ ಇಂಥ ಸೊಪ್ಪಲ್ಲಿ ಒಗರು ಇರುತ್ತಲ್ಲ, ಟ್ಯಾನಿನ್, ಅದು ಎರಡು ಕೆಲಸ ಮಾಡುತ್ತೆ. ನೇರವಾಗಿ ಹುಳಕ್ಕೂ ಅದರ ಮೊಟ್ಟೆಗೂ ತೊಂದ್ರೆ ಕೊಡುತ್ತೆ, ಜೊತೆಗೆ ಮೇವಿನ ಪ್ರೋಟೀನನ್ನ ಮೊದಲನೇ ಹೊಟ್ಟೇಲಿ ಹಾಳಾಗದಂಗೆ ಹಿಡಿದು ಮುಂದಕ್ಕೆ ಸಾಗಿಸುತ್ತೆ, ಆ ಪ್ರೋಟೀನಿಂದ ಕುರಿ ತಾನೇ ಹುಳದ ಜೊತೆ ಗುದ್ದಾಡೋ ಶಕ್ತಿ ಪಡ್ಕೊಳುತ್ತೆ. ಬರೇಲಿ ಹತ್ರ ಇಜ್ಜತ್‌ನಗರದ ಐವಿಆರ್‌ಐ ಅನ್ನೋ ಪಶುವೈದ್ಯ ಸಂಶೋಧನಾ ಸಂಸ್ಥೇಲಿ ಸೀಬೆ ಸೊಪ್ಪು, ಬಸರಿ ಜಾತಿ ಸೊಪ್ಪಿನ ಟ್ಯಾನಿನ್ ಕೊಟ್ಟು ಹೀಮಾಂಕಸ್ ಇರೋ ಕುರಿ ಮೇಕೇಲಿ ಮೊಟ್ಟೆ ಕಮ್ಮಿಯಾಗಿದ್ದನ್ನ ತೋರಿಸಿದಾರೆ. ಅತಿಯಾದ್ರೆ ಇದೂ ಕೆಡುತ್ತೆ, ಒಗರು ಜಾಸ್ತಿಯಾದ್ರೆ ಮೇವೇ ತಿನ್ನಲ್ಲ, ಅರಗಲ್ಲ, ಒಟ್ಟು ಮೇವಿನ ಒಣತೂಕದಲ್ಲಿ ಟ್ಯಾನಿನ್ ನೂರಕ್ಕೆ ಎರಡರಿಂದ ನಾಲ್ಕು ಇದ್ರೆ ಹದ ಅಂತಾರೆ. ನಾವು ತೂಕ ಹಾಕಲ್ಲ, ಮಳೆಗಾಲದಲ್ಲಿ ದಿನದ ಮೇವಿನಲ್ಲಿ ಕಾಲು ಭಾಗದಷ್ಟು ಒಗರು ಸೊಪ್ಪು, ಉಳಿದಿದ್ದು ಶೇಂಗಾ ಹೊಟ್ಟು, ತೊಗರಿ ಹೊಟ್ಟು. ಸೊಪ್ಪನ್ನ ನೆಲಕ್ಕೆ ಹಾಕದೆ ಹಗ್ಗಕ್ಕೆ ಕಟ್ಟಿ ಕುರಿ ಮೂತಿ ಮಟ್ಟಕ್ಕಿಂತ ಸ್ವಲ್ಪ ಮೇಲೆ ತೂಗುಹಾಕ್ತೀವಿ, ಹಿಕ್ಕೆ ಮುಟ್ಟಬಾರ್ದು. ಬೆಳಗ್ಗೆ ಇಬ್ಬನಿ ಆರೋವರೆಗೂ ಹಿಂಡು ಹೊರಗೆ ಬಿಡಲ್ಲ, ಅಪ್ಪಂಗೆ ಇದು ಕಷ್ಟ, ಆರು ಗಂಟೆಗೇ ಕೋಲು ಹಿಡಿದು ನಿಂತು ಅಭ್ಯಾಸ.

ಎರಡು ಮರಿ ಹಾಕೋ ನಾರಿ ಸುವರ್ಣ ಕುರಿ ನಾಲ್ಕು ತಂದಿದೀವಿ, ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ಮಾಡಿದ ತಳಿ. ಬಂಗಾಳದ ಸುಂದರ್‌ಬನ್ಸ್ ಗರೋಲ್ ಕುರಿಯ ರಕ್ತ ಇದೆ ಅದರಲ್ಲಿ. ಗರೋಲ್ ಹುಳಕ್ಕೆ ಗಟ್ಟಿ ಜಾತಿ, ಆದ್ರೆ ಇವು ಬೆರಕೆ, ಹಂಗಾಗಿ ಅದೇ ಧೈರ್ಯದಲ್ಲಿ ಕೂರೋಕಾಗಲ್ಲ. ಮರಿ ಹಾಕೋ ಹಿಂದೆಮುಂದೆ ಯಾವ ಕುರಿಗಾದ್ರೂ ಮೈಶಕ್ತಿ ಇಳಿದು ಹುಳದ ಮೊಟ್ಟೆ ಏರುತ್ತೆ, ಅವಳಿ ಇದ್ರೆ ಇನ್ನೂ ಜಾಸ್ತಿ, ಆ ಹಿಕ್ಕೆಯಿಂದ್ಲೇ ಎಳೇ ಮರಿಗಳಿಗೆ ಹತ್ತೋದು. ಅದಕ್ಕೆ ಮರಿ ಹಾಕೋಕೆ ಒಂದು ತಿಂಗಳ ಮುಂಚಿಂದ ಶೇಂಗಾ ಹಿಂಡಿ ಜಾಸ್ತಿ ಕೊಡ್ತೀವಿ, ಹಿಂಡಿ ಅನ್ನೋದೂ ಹುಳದ ಮದ್ದೇ ಅಂತ ನಾನಂತೂ ನಂಬಿದೀನಿ.

ಇಷ್ಟೆಲ್ಲ ಮಾಡಿದ್ರೂ ಔಷಧಿ ಬಿಟ್ಟಿಲ್ಲ. ಎರಡು ವಾರಕ್ಕೊಂದ್ಸಲ, ಮಳೆಗಾಲದಲ್ಲಿ ವಾರಕ್ಕೊಂದ್ಸಲ, ಪ್ರತಿ ಕುರಿಯ ಕಣ್ಣಿನ ಕೆಳಗಿನ ರೆಪ್ಪೆ ಬಿಡಿಸಿ ಬಣ್ಣ ನೋಡ್ತೀವಿ. ದಕ್ಷಿಣ ಆಫ್ರಿಕಾದೋರು ಮಾಡಿದ ಫಮಾಚಾ ಅನ್ನೋ ಕಾರ್ಡ್ ಇದೆ, ಐದು ಬಣ್ಣ, ಒಂದು ಅಂದ್ರೆ ಕಡುಕೆಂಪು, ಐದು ಅಂದ್ರೆ ಪೂರ್ತಿ ಬಿಳಿ. ಒಂದು ಎರಡು ಇದ್ರೆ ಔಷಧಿ ಇಲ್ಲ, ಬರೀ ಸೊಪ್ಪು. ನಾಲ್ಕು ಐದು ಇದ್ರೆ ಅವತ್ತೇ ಡಾಕ್ಟ್ರಿಗೆ ಫೋನು, ತೂಕ ಹಾಕಿ ಪೂರ್ತಿ ಡೋಸು, ಅಲ್ಲಿ ಯಾವ ಗಿಡದ ಪ್ರಯೋಗನೂ ಇಲ್ಲ, ಯಾಕಂದ್ರೆ ಆ ಹೊತ್ತಿಗೆ ಕುರಿ ಮೈಯಲ್ಲಿ ಸೊಪ್ಪು ಕೆಲಸ ಮಾಡೋಷ್ಟು ದಿನಕ್ಕೆ ಸಾಕಾಗೋ ರಕ್ತ ಉಳಿದಿರಲ್ಲ. ಎಲ್ಲಕ್ಕೂ ಒಟ್ಟಿಗೆ ಹಾಕೋದು ಬಿಟ್ಟಿದ್ರಿಂದ ಔಷಧಿ ತಾಗದ ಒಂದಷ್ಟು ಹುಳ ಹಿಂಡಲ್ಲಿ ಉಳ್ಕೊಳ್ತವೆ, ಉಳಿಬೇಕು ಕೂಡ, ಅವು ಔಷಧಿಗೆ ಬಗ್ಗೋ ಹುಳ, ಅವುಗಳ ಸಂತಾನ ಇದ್ರೇನೇ ಮುಂದೆ ನಮ್ಮ ಔಷಧಿ ಹಿಡಿಯೋದು. ಹೊಟ್ಟೇಲಿ ಹುಳ ಬಿಡ್ಬೇಕು ಅಂದ್ರೆ ಅಪ್ಪಂಗೆ ಇನ್ನೂ ಅರ್ಥ ಆಗಿಲ್ಲ. ಮೇಕೆಗೆ ಕುರಿ ಡೋಸು ಸಾಲಲ್ಲ, ಅದರ ಮೈಯಲ್ಲಿ ಔಷಧಿ ಬೇಗ ಕರಗಿ ಹೋಗುತ್ತೆ, ಎಷ್ಟು ಅಂತ ಡಾಕ್ಟ್ರನ್ನ ಕೇಳೇ ಹಾಕಿ. ಮತ್ತೆ ಕುಡಿಸೋವಾಗ ಮೂತಿ ಆಕಾಶಕ್ಕೆ ಎತ್ತಬೇಡಿ, ಗೊಟ್ಟ ಇರ್ಲಿ ಸಿರಿಂಜ್ ಇರ್ಲಿ, ಶ್ವಾಸಕೋಶಕ್ಕೆ ಹೋದ್ರೆ ಹುಳಕ್ಕಿಂತ ಮೊದಲೇ ಕುರಿ ಹೋಗುತ್ತೆ.

ಬೇಸಿಗೇಲಿ ಆರಿಸಿದ ಮುತ್ತುಗದ ಬೀಜ ಎರಡು ಡಬ್ಬ ಅಟ್ಟದ ಮೇಲಿದೆ. ಈ ಮಳೆಗಾಲಕ್ಕೆ ಗಬ್ಬ ಇಲ್ಲದ, ಮೂರನೇ ಬಣ್ಣದಲ್ಲಿರೋ ಕುರಿಗಳನ್ನ ಆರಿಸಿ ಅರ್ಧಕ್ಕೆ ಕೊಟ್ಟು ಅರ್ಧಕ್ಕೆ ಬಿಟ್ಟು, ತೂಕಕ್ಕೆ ಸರಿಯಾಗಿ ಪುಡಿ ಅಳೆದು, ಮೇಡಂ ಹತ್ರ ಮೊಟ್ಟೆ ಎಣಿಸಿ ನೋಡ್ಬೇಕು ಅಂತ ಇದೀನಿ. ನಾಳೆ ಬೆಳಗ್ಗೆ ರೆಪ್ಪೆ ನೋಡೋ ದಿನ. ಹೋದ ವಾರ ಹಣೆ ಮೇಲೆ ಬಿಳಿ ಚುಕ್ಕೆ ಇರೋ ಕುರಿದು ಎರಡಾ ಮೂರಾ ಅಂತ ನಂಗೂ ಅಪ್ಪಂಗೂ ಒಮ್ಮತ ಆಗಿರ್ಲಿಲ್ಲ, ಅದನ್ನ ಮೊದಲು ಹಿಡಿಬೇಕು.